ಕ್ರೇಟ್ ಬಾಗಿಲು ಹಾಕಿದರೆ ನಾಯಿಮರಿ ಕಿರುಚುತ್ತಿದೆಯೇ?

ಮೂರು ತಿಂಗಳ ಮರಿ, ಕ್ರೇಟ್‌ನ (ನಾಯಿಯನ್ನು ಇರಿಸುವ ಸರಳಿನ ಗೂಡು) ಬಾಗಿಲು ಹಾಕಿದ ಕೂಡಲೇ ಕಿರುಚುತ್ತದೆ ಅಂದಿರಿ. ಹಗಲಲ್ಲಿ ಎಂಟು ಗಂಟೆ ಅದರಲ್ಲೇ ಬಿಡಬಹುದೇ ಅಂತಲೂ ಕೇಳಿದಿರಿ. ಬಹುಶಃ ಒಳಗೆ ಒಗ್ಗಿಕೊಳ್ಳುವ ಮೊದಲೇ ಬಾಗಿಲು ಹಾಕಿದ್ದೀರಿ. ಅದು ಹಟ ಅಲ್ಲ, ಹೆದರಿಕೆ.

ಕೆಲವು ದಿನ ಬಾಗಿಲು ತೆಗೆದೇ ಇರಲಿ. ಊಟದ ತಟ್ಟೆ ಒಳಗಿಡಿ, ತಾನಾಗಿಯೇ ಹೋಗಿ ಬರಲಿ. ತಳ್ಳಬೇಡಿ. ಒಳಗೆ ಆರಾಮಾಗಿ ಮಲಗತೊಡಗಿದ ಮೇಲೆ, ತಿನ್ನುವಾಗ ಬಾಗಿಲು ಹಾಕಿ, ಮುಗಿಸುವ ಮೊದಲೇ ತೆಗೆಯಿರಿ. ಆಮೇಲೆ ಐದು ನಿಮಿಷ, ಹತ್ತು ನಿಮಿಷ. ಮೊದಲು ನೀವು ಪಕ್ಕದಲ್ಲೇ ಇರಿ, ನಂತರ ಬೇರೆ ಕೋಣೆಗೆ ಹೋಗಿ. ಕತ್ತಿನ ಪಟ್ಟಿ ಬಿಚ್ಚಿಯೇ ಒಳಗೆ ಬಿಡಿ, ಸರಳಿಗೆ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ.

ನೀವು ಕೇಳಿದ ಎಂಟು ಗಂಟೆ ಮಾತ್ರ ಆಗದ ಮಾತು. ಈ ವಯಸ್ಸಿನ ಮರಿ ಹಗಲಲ್ಲಿ ಮೂರ್ನಾಲ್ಕು ಗಂಟೆಗಿಂತ ಜಾಸ್ತಿ ಮೂತ್ರ ತಡೆಯುವುದು ಕಷ್ಟ. ನಡುವೆ ಯಾರಾದರೂ ಬಂದು ಹೊರಗೆ ಬಿಡಬೇಕು. ಯಾರೂ ಸಿಗದಿದ್ದರೆ ಕ್ರೇಟ್‌ಗಿಂತ ಅಡ್ಡಗಟ್ಟಿದ ಕೋಣೆಯೇ ವಾಸಿ. ಗದರಿಸಿ ಒಳಗೆ ಹಾಕುವುದಿದ್ದರೆ ಇವತ್ತೇ ಬಿಡಿ. ಶಿಕ್ಷೆಯ ಜಾಗಕ್ಕೆ ಯಾರು ತಾನೇ ಖುಷಿಯಿಂದ ಹೋಗುತ್ತಾರೆ, ಅಲ್ವಾ?

ಜೊಲ್ಲು ಸುರಿಸುತ್ತಾ, ಸರಳು ಕಚ್ಚಿ ಬಾಯಿಗೆ ಗಾಯ ಮಾಡಿಕೊಂಡರೆ ಒಂಟಿಯಾಗಿರುವ ಭಯವೂ ಇರಬಹುದು. ನೋಡದೆ ಖಚಿತವಾಗಿ ಹೇಳಲಾಗದು. ಆಗ ಕ್ರೇಟ್ ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿ.