ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸೂ ಟೇಲ್ಸೂ

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ. ಬ್ಯಾಂಕು, ಇಮೇಲ್, ಮಕ್ಕಳ ಪಾಠ ಎಲ್ಲಕ್ಕೂ ಅದೇ. ಕೆಲಸ ಮಾಡುವ ಕಡೆ ನಡೆಯುತ್ತಿರುವ ಅಕ್ರಮದ ದಾಖಲೆಗಳನ್ನು ಪತ್ರಕರ್ತರೊಬ್ಬರಿಗೆ ಕಳಿಸಬೇಕಿದೆ. ಅವರು ಟೇಲ್ಸ್ (ಗುರುತು ಬಿಟ್ಟುಕೊಡದಂತೆ ಕೆಲಸ ಮಾಡಲು ಇರುವ, ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಬಳಸಿ ಎಂದರು. ಹಾರ್ಡ್ ಡಿಸ್ಕ್ ಭಾಗ ಮಾಡಿ ವಿಂಡೋಸ್ ಪಕ್ಕದಲ್ಲೇ ಹಾಕಿಕೊಳ್ಳಬಹುದೇ?

ಉತ್ತರ: ಮೊದಲು ಒಂದು ಮಾತು. ಲ್ಯಾಪ್‌ಟಾಪ್ ನಿಮ್ಮ ಸ್ವಂತದ್ದೇ, ಕಚೇರಿ ಕೊಟ್ಟದ್ದೇ? ಕಚೇರಿಯದಾದರೆ ಈ ಕೆಲಸಕ್ಕೆ ಅದು ಬೇಡವೇ ಬೇಡ. ಕಚೇರಿಯ ವೈಫೈ ಕೂಡ ಬೇಡ. ಟೇಲ್ಸ್‌ನಿಂದ ಹೊರಡುವ ಸಂಪರ್ಕವೆಲ್ಲ ಟಾರ್ ಜಾಲದ ಮೂಲಕ, ಅಂದರೆ ನಿಮ್ಮ ವಿಳಾಸ ಕಾಣದಂತೆ ಹಲವು ಕಂಪ್ಯೂಟರ್‌ಗಳನ್ನು ಹಾದು, ಹೋಗುತ್ತದೆ. ನೀವು ಯಾವ ತಾಣ ನೋಡಿದಿರಿ ಎಂಬುದು ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ತಿಳಿಯದಿದ್ದರೂ, ಯಾರೋ ಟಾರ್ ಬಳಸುತ್ತಿದ್ದಾರೆ ಎಂಬುದು ಸಾಮಾನ್ಯವಾಗಿ ಗೊತ್ತಾಗುತ್ತದೆ. ನಿಮ್ಮ ಪರಿಸ್ಥಿತಿಯಲ್ಲಿ ಅಷ್ಟು ಸುಳಿವೇ ಸಾಕು.

ಇನ್ನು ಹಾರ್ಡ್ ಡಿಸ್ಕ್ ವಿಷಯ. ಅದನ್ನು ಮುಟ್ಟಬೇಡಿ. ಟೇಲ್ಸ್ ಇರುವುದೇ ಪೆನ್‌ಡ್ರೈವ್‌ನಿಂದ ಓಡಲಿಕ್ಕೆ. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಒಂದನ್ನು ಇದಕ್ಕೇ ಮೀಸಲಿಡಿ. ಟೇಲ್ಸ್ ಹಾಕುವಾಗ ಅದರಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಟೇಲ್ಸ್ ಕೆಲಸ ಮಾಡುವುದು ಲ್ಯಾಪ್‌ಟಾಪ್‌ನ ತಾತ್ಕಾಲಿಕ ಸ್ಮೃತಿಯಾದ ರ್‍ಯಾಮ್‌ನಲ್ಲಿ, ನಿಮ್ಮ ವಿಂಡೋಸ್ ಡಿಸ್ಕಿಗೆ ತಾನಾಗಿ ಏನನ್ನೂ ಬರೆಯುವುದಿಲ್ಲ. ಶಟ್‌ಡೌನ್ ಮಾಡಿದಾಗ ರ್‍ಯಾಮ್ ಕೂಡ ಅಳಿಸುತ್ತದೆ. ತುರ್ತಿದ್ದರೆ ಪೆನ್‌ಡ್ರೈವ್ ಕಿತ್ತರೂ ಸಾಕು, ಯಂತ್ರ ತಕ್ಷಣ ನಿಲ್ಲುತ್ತದೆ. ಡಿಸ್ಕಿನಲ್ಲಿ ಹಾಕಿದರೆ ಈ ಗುಣವೇ ಹೋಗಿ, ಇಲ್ಲೊಂದು ಟೇಲ್ಸ್ ಇದೆ ಎಂಬ ಗುರುತು ಮಾತ್ರ ಉಳಿಯುತ್ತದೆ.

ಆರಂಭಿಸುವುದು ಸುಲಭ. ಪೆನ್‌ಡ್ರೈವ್ ಚುಚ್ಚುವ ಮೊದಲೇ ವಿಂಡೋಸ್‌ನಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ ಆಯ್ಕೆಗಳು ಬಂದಾಗ ಚುಚ್ಚಿ, ‘ಯೂಸ್ ಎ ಡಿವೈಸ್’ ಆರಿಸಿ. ಆ ಆಯ್ಕೆ ಇಲ್ಲದಿದ್ದರೆ ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಬೇಕು. ಕಂಪನಿಯಿಂದ ಕಂಪನಿಗೆ ಇದು ಬೇರೆ. ನಂಬಿಕಸ್ಥ ಸಿಸ್ಟಮ್‌ಗಳನ್ನಷ್ಟೇ ಆರಂಭವಾಗಲು ಬಿಡುವ ಸೆಕ್ಯೂರ್ ಬೂಟ್ ಆಫ್ ಮಾಡಲು ಹೋಗಬೇಡಿ. 2020ರಿಂದಲೂ ಟೇಲ್ಸ್ ಅದರ ಜೊತೆಗೇ ಓಡುತ್ತದೆ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಹಾಕಿರುವ ವಿಂಡೋಸ್‌ನಲ್ಲಿ ಆ ಸೆಟ್ಟಿಂಗ್ ಬದಲಾದರೆ ಮುಂದಿನ ಸಲ ರಿಕವರಿ ಕೀ ಕೇಳಿಬಿಡಬಹುದು. ಆ ಕೀಯನ್ನು ಈಗಲೇ ಹುಡುಕಿ ಬರೆದಿಟ್ಟುಕೊಳ್ಳುವುದು ಹೇಗೂ ಒಳ್ಳೆಯದು.

ಪೆನ್‌ಡ್ರೈವ್ ಚುಚ್ಚಲು ಕಾಯಿರಿ ಎಂದದ್ದಕ್ಕೆ ಕಾರಣವಿದೆ. ಕಡತಗಳನ್ನು ಉಳಿಸಿಕೊಳ್ಳಲು ಟೇಲ್ಸ್‌ನಲ್ಲಿ ಪರ್ಸಿಸ್ಟೆಂಟ್ ಸ್ಟೋರೇಜ್ ಎಂಬ ಗೂಢಲಿಪಿಯ ಭಾಗ ಮಾಡಿಕೊಳ್ಳಬಹುದು. ವಿಂಡೋಸ್ ಓಡುತ್ತಿರುವಾಗ ಆ ಪೆನ್‌ಡ್ರೈವ್ ಚುಚ್ಚಿದರೆ ವಿಂಡೋಸ್‌ಗೆ ಆ ಭಾಗ ಅರ್ಥವಾಗುವುದಿಲ್ಲ. ‘ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳಬಹುದು. ಅವಸರದಲ್ಲಿ ಒಂದು ಕ್ಲಿಕ್ ಬಿದ್ದರೆ ಉಳಿಸಿಟ್ಟದ್ದೆಲ್ಲ ಹೋಯಿತು. ವಿಂಡೋಸ್‌ನಲ್ಲಿ ವೈರಸ್ ಇದ್ದರೆ ಅದು ಟೇಲ್ಸನ್ನೇ ತಿದ್ದುವ ಅಪಾಯವೂ ಉಂಟು. ಆದ್ದರಿಂದ ಎರಡರ ನಡುವೆ ಕಡತ ಸಾಗಿಸಲು ಬೇರೆಯೇ ಪೆನ್‌ಡ್ರೈವ್ ಇರಲಿ.

ಆ ಕಡತಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ಮೊಬೈಲ್‌ನಲ್ಲಿ ತೆಗೆದ ಫೋಟೊದಲ್ಲಿ ಫೋನಿನ ಮಾದರಿ, ತೆಗೆದ ಹೊತ್ತು, ಕೆಲವೊಮ್ಮೆ ಜಾಗವೂ ಅಡಗಿರುತ್ತದೆ. ವರ್ಡ್ ಕಡತದಲ್ಲಿ ಬರೆದವರ ಹೆಸರು ಇರುತ್ತದೆ. ಟಾರ್ ನಿಮ್ಮ ವಿಳಾಸವನ್ನು ಮರೆಮಾಡುತ್ತದೆಯೇ ಹೊರತು ಕಡತದೊಳಗಿನ ಹೆಸರನ್ನಲ್ಲ. ಟೇಲ್ಸ್‌ನಲ್ಲೇ ಇರುವ ಮೆಟಾಡೇಟಾ ಕ್ಲೀನರ್‌ನಲ್ಲಿ ಶುದ್ಧ ಮಾಡಿದ ಮೇಲೇ ಕಳಿಸಿ. ಪುಟದ ಮೇಲೆ ಕಾಣುವ ಸಹಿ, ಮುದ್ರೆ, ಕ್ರಮಸಂಖ್ಯೆಗಳನ್ನು ಅದು ತೆಗೆಯುವುದಿಲ್ಲ. ಅದನ್ನು ನೀವೇ ಕಣ್ಣಿಟ್ಟು ನೋಡಬೇಕು.

ಟೇಲ್ಸ್‌ನಲ್ಲಿದ್ದಾಗ ನಿಮ್ಮ ದಿನನಿತ್ಯದ ಇಮೇಲ್‌ಗೆ ಲಾಗಿನ್ ಆಗಬೇಡಿ, ಒಂದೇ ಒಂದು ಸಲವೂ. ಪತ್ರಕರ್ತರ ಕೆಲಸಕ್ಕೆ ಒಂದು ಅವಧಿ. ಬೇರೆ ಕೆಲಸವಿದ್ದರೆ ಶಟ್‌ಡೌನ್ ಮಾಡಿ ಹೊಸದಾಗಿ ಆರಂಭಿಸಿ. ಬ್ಯಾಂಕನ್ನಂತೂ ವಿಂಡೋಸ್‌ನಲ್ಲೇ ನೋಡಿಕೊಳ್ಳಿ. ಟಾರ್‌ನಿಂದ ಬಂದ ಲಾಗಿನ್ ಅನುಮಾನಾಸ್ಪದ ಎನಿಸಿ ಖಾತೆ ತಡೆಹಿಡಿಯುವ ಸಾಧ್ಯತೆಯಿದೆ.

ಪ್ರಶ್ನೆ: ಪ್ರತಿ ಸಲ ರೀಸ್ಟಾರ್ಟ್ ಮಾಡುವುದು ಕಿರಿಕಿರಿ. ವಿಂಡೋಸ್ ಒಳಗೇ ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರ್ ಒಳಗೆ ತಂತ್ರಾಂಶದಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಟೇಲ್ಸ್ ಓಡಿಸಿದರೆ ಆಗದೇ?

ಉತ್ತರ: ಓಡುತ್ತದೆ. ಕಲಿಯಲು, ಒಳಗೆ ಏನೇನಿದೆ ಎಂದು ನೋಡಲು ಅಡ್ಡಿಯಿಲ್ಲ. ಆದರೆ ಮುಚ್ಚಿಡಬೇಕಾದ ಕೆಲಸಕ್ಕೆ ನಾನು ಖಂಡಿತ ಒಪ್ಪುವುದಿಲ್ಲ. ಹಾಗೆ ಓಡಿಸಿದಾಗ ನೀವು ಒತ್ತುವ ಪ್ರತಿ ಕೀ, ನೋಡುವ ಪ್ರತಿ ಪರದೆ ವಿಂಡೋಸ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಕದ್ದು ನೋಡುವ ತಂತ್ರಾಂಶವಿದ್ದರೆ ಎಲ್ಲವೂ ಅದಕ್ಕೆ ಸಿಗುತ್ತದೆ. ಟೇಲ್ಸ್‌ನ ರ್‍ಯಾಮ್‌ನಲ್ಲಿದ್ದದ್ದು ವಿಂಡೋಸ್‌ನ ಸ್ವಾಪ್ ಕಡತದ ಮೂಲಕ ಡಿಸ್ಕಿಗೆ ಇಳಿದು ಉಳಿಯಲೂಬಹುದು. ರೀಸ್ಟಾರ್ಟ್‌ಗೆ ಹಿಡಿಯುವ ಆ ಕೆಲವು ನಿಮಿಷಗಳನ್ನು ದಯವಿಟ್ಟು ಕೊಡಿ.