ಎಂಟು ತಿಂಗಳಿಂದ ಕಾಲಿಗೆ ಮಣ್ಣು ಹತ್ತಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಧಾರವಾಡ ಸೀಮೆಯ ಹೆಣ್ಣುಮಗಳು, ವಯಸ್ಸು 63. ಮೊಮ್ಮಗನನ್ನು ನೋಡಿಕೊಳ್ಳಲು ಪುಣೆಯ ಕೋಥ್ರೂಡಿಗೆ, ಮಗನ ಮನೆಗೆ ಬಂದವರು. 'ಅವ್ವಗ ರಾತ್ರಿ ಮೂರಕ್ಕ ಎಚ್ಚರ ಆಗ್ತದ್ರೀ ಮೇಡಂ, ಆಮ್ಯಾಲೆ ನಿದ್ದಿ ಇಲ್ಲ. ಮಾತೂ ಕಮ್ಮಿ ಆಗ್ಯಾವ' ಎಂದು ಮಗ ನನ್ನ ಹತ್ತಿರ ಸಮಾಲೋಚನೆಗೆ ಕರೆತಂದಿದ್ದ.

ದಿನಚರಿ ಕೇಳಿದೆ. ಒಂಬತ್ತನೇ ಮಹಡಿ. ಮಗು ಮಲಗಲೆಂದು ಹಗಲೂ ಪರದೆ ಎಳೆದಿರುತ್ತಾರೆ. ಅದರ ಜೊತೆ ಇವರದೂ ಎರಡು ತಾಸು ನಿದ್ದೆ. ದೇಹದ ಗಡಿಯಾರಕ್ಕೆ ಹಗಲು-ರಾತ್ರಿಯ ಲೆಕ್ಕ ಸಿಗುವುದು ಮುಖ್ಯವಾಗಿ ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ. ಇವರಿಗೆ ಅದೇ ಇರಲಿಲ್ಲ. ಊರಿನ ಹಿತ್ತಲಿನ ಮಾತು ಬಂದಾಗ ಮಾತ್ರ ಮುಖ ಎತ್ತಿದರು. 'ಕಾಲಿಗೆ ಮಣ್ಣ ಹತ್ತಿ ಎಂಟ ತಿಂಗಳಾತವಾ' ಎನ್ನುತ್ತ ಹೆಬ್ಬೆರಳಿನಿಂದ ನನ್ನ ಕೋಣೆಯ ಟೈಲ್ಸ್ ಉಜ್ಜುತ್ತಿದ್ದರು.

ಮೊದಲು ವೈದ್ಯರ ಹತ್ತಿರ ಕಳಿಸಿದೆ. ನಿದ್ದೆಗೆಟ್ಟ ಎಲ್ಲದಕ್ಕೂ ಮನಸ್ಸೇ ಕಾರಣವಲ್ಲ. ಥೈರಾಯ್ಡ್ ಸರಿಯಿತ್ತು, ಬಿ12 ಕಡಿಮೆಯಿತ್ತು, ಮಾತ್ರೆ ಶುರುವಾಯಿತು.

ಜೊತೆಗೆ, ಸೊಸೈಟಿಯ ಗಾರ್ಡನ್ನಿನಲ್ಲಿ ದಿನಾ ಅರ್ಧ ತಾಸು ಕೂತು ಬನ್ನಿ ಎಂದಿದ್ದೆ. ಅದು ನನ್ನ ತಪ್ಪು. ಎರಡು ವಾರದ ಮೇಲೆ ಬಂದು, 'ಹುಲ್ಲಿನ ಮ್ಯಾಲೆ ಕಾಲ ಇಡಬ್ಯಾಡ್ರಿ ಅಂತ ಬೋರ್ಡ್ ಹಚ್ಯಾರ. ಅಲ್ಲಿ ನಂದೇನ ಕೆಲಸ?' ಅಂದರು. ಹಸಿರು ಕಂಡರೆ ಸಾಕು ಎಂದುಕೊಂಡಿದ್ದೆ; ಹೊಲದಲ್ಲಿ ದುಡಿದ ಕೈಗೆ ಮುಟ್ಟಲು ಏನಾದರೂ ಬೇಕಿತ್ತು.

ಆಮೇಲೆ ಮಗನನ್ನೇ ಕೂರಿಸಿಕೊಂಡು ಮಾತಾಡಿದೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಮಗುವನ್ನು ನೀವಿಬ್ಬರು ಗಂಡ-ಹೆಂಡತಿ ನೋಡಿಕೊಳ್ಳಬೇಕು, ಆ ಹೊತ್ತು ಅವ್ವನದು. ಹತ್ತಿರದ ಗುಡ್ಡ ವೇತಾಳ ಟೇಕಡಿಗೆ ಹೋಗಲಿ. ಮೊಣಕಾಲು ನೋವಿದೆ, ಏರುವವರೆಗೆ ರಿಕ್ಷಾ ಇರಲಿ, ಮೇಲಿನ ಸಪಾಟು ದಾರಿಯಲ್ಲಷ್ಟೇ ನಡೆಯಲಿ. ಮೊದಲ ವಾರ ನೀನೇ ಜೊತೆಗಿರು. ಒಂದು ಸಲಕ್ಕೆ 40 ನಿಮಿಷವಾದರೂ ಆಗಲಿ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ನಿಸರ್ಗದಲ್ಲಿ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದದ್ದು ಹೆಚ್ಚು. ಒಂದೇ ಸಲವೋ ಬಿಡಿಬಿಡಿಯಾಗಿಯೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಅದರಿಂದಲೇ ಆರೋಗ್ಯ ಬಂತೆಂದು ಆ ಅಧ್ಯಯನ ಸಾಬೀತು ಮಾಡುವುದಿಲ್ಲ, ಅದನ್ನೂ ಹೇಳಿದೆ. ಹಗಲ ನಿದ್ದೆ ಅರ್ಧ ತಾಸಿಗೆ ಇಳಿಸಿ, ಮಗು ಎದ್ದ ಕೂಡಲೇ ಪರದೆ ಸರಿಸಿ ಎಂದೆ.

ಜೂನ್ ಕೊನೆಗೆ ಮತ್ತೆ ಬಂದರು. ಎಚ್ಚರ ಈಗ ಐದಕ್ಕೆ. ಮೊಣಕಾಲು ನೋವು ಹಾಗೇ ಇದೆ, ಊರಿನ ನೆನಪೂ. ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಹಿಡಿ ಸೊಪ್ಪು ಸುರಿದರು, ಬೇರಿನ ಕೆಂಪು ಮಣ್ಣು ಇನ್ನೂ ಹಸಿ. 'ನಮ್ಮ ಕಡೆ ತಗಚಿ, ಇಲ್ಲಿ ಹೆಣ್ಮಕ್ಕಳು ಟಾಕಳಾ ಅಂತಾರ. ಎಳೀದು ಐತಿ, ಬಳ್ಳೊಳ್ಳಿ ಜಜ್ಜಿ ಹಾಕಿ ಪಲ್ಯಾ ಮಾಡ್ಕೋ.'