ದೇವರು ಕ್ಷಮಿಸಿದ ಮೇಲೆ ಊರಿಗೆ ಯಾಕೆ ಹೋಗಬೇಕು?

ಚಿಂತಾಮಣಿಯಲ್ಲಿ ಚೀಟಿ ನಡೆಸುತ್ತಿದ್ದಿರಿ, ಜನರ ದುಡ್ಡನ್ನು ಬೆಟ್ಟಿಂಗ್‌ನಲ್ಲಿ ಕಳೆದಿರಿ, ರಾತ್ರೋರಾತ್ರಿ ಬೆಂಗಳೂರಿಗೆ ಬಂದುಬಿಟ್ಟಿರಿ. ಈಗ ಪ್ರಾರ್ಥನೆಗೆ ಹೋಗುತ್ತಿದ್ದೀರಿ, ಯೇಸುವನ್ನು ನಂಬಿದ್ದೀರಿ, ಬೆಟ್ಟಿಂಗ್ ಬಿಟ್ಟಿದ್ದೀರಿ. ಹೆಂಡತಿ ಮಾತ್ರ ‘ಇದೂ ಒಂದು ನಾಟಕ’ ಅಂತಾರೆ ಎಂದು ಬರೆದಿದ್ದೀರಿ. ದೇವರು ನಿಜವಾಗಿಯೂ ಕ್ಷಮಿಸಿದ್ದಾನಾ, ಕ್ಷಮಿಸಿದ್ದರೆ ಮತ್ತೆ ಆ ಊರಿಗೆ ಹೋಗಿ ಮುಖ ತೋರಿಸಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ಕ್ಷಮಿಸಿದ್ದಾನೆ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಪಕ್ಕದ ಶಿಲುಬೆಯ ಮೇಲೆ ಸಾಯುತ್ತಿದ್ದ ಕಳ್ಳನಿಗೆ, ಕದ್ದದ್ದರಲ್ಲಿ ಒಂದು ಕಾಸನ್ನೂ ವಾಪಸ್ ಕೊಡಲಾಗದವನಿಗೆ, ಇವತ್ತೇ ನನ್ನ ಸಂಗಡ ಪರದೈಸಿನಲ್ಲಿರುವೆ ಎಂದು ಯೇಸುಸ್ವಾಮಿ ಮಾತು ಕೊಟ್ಟರು. ಆದರೆ ಆ ಮನುಷ್ಯನಿಗೆ ಊರಿಗೆ ಹೋಗಿ ಯಾರ ಬಾಗಿಲನ್ನೂ ತಟ್ಟಲು ಸಮಯವಿರಲಿಲ್ಲ. ನಿಮಗೆ ಇದೆ. ಅದಕ್ಕೇ ಹೋಗಿ ಅಂತೀನಿ.

ಇಷ್ಟು ಗಟ್ಟಿಯಾಗಿ ಹೇಳೋದಕ್ಕೆ ಕಾರಣ ನನ್ನ ತಮ್ಮ. ನಮ್ಮದು ಕೋಲಾರ. ಇಲ್ಲಿ 1910ರಲ್ಲಿ ಶುರುವಾದ ಇ.ಟಿ.ಸಿ.ಎಂ. ಮಿಷನ್ ಆಸ್ಪತ್ರೆ ಇದೆಯಲ್ಲ, ಅದನ್ನು ನಡೆಸುವ ಮೆಥಡಿಸ್ಟ್ ಸಭೆಗೇ ಸೇರಿದ ಕುಟುಂಬ. ತಮ್ಮನಿಗೆ ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಆಗಿತ್ತು, ಭಾನುವಾರ ಶಾಲೆಯಲ್ಲಿ ವಾಕ್ಯ ಬಾಯಿಪಾಠ ಮಾಡಿ ಬಹುಮಾನ ತಂದಿದ್ದ. ಅವನಿಗೆ ನಂಬಿಕೆ ಹುಟ್ಟಿದ್ದು ಮಾತ್ರ ಮಾನ ಹೋದ ಮೇಲೆ. ಹುಟ್ಟಾ ಕ್ರೈಸ್ತರಾದವರಿಗೂ ಅದು ಹೊಸದಾಗಿಯೇ ಬರಬೇಕು.

ಅವನು ಎಪಿಎಂಸಿಯ ಒಂದು ಟೊಮೇಟೊ ಮಂಡಿಯಲ್ಲಿ ರೈಟರ್ ಆಗಿದ್ದ. ಇಲ್ಲಿ ಟೊಮೇಟೊ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುತ್ತದೆ. ರೈತ ಮಾಲು ಇಳಿಸಿ, ಹರಾಜಿನ ಗದ್ದಲದಲ್ಲಿ ದೂರ ನಿಂತಿರುತ್ತಾನೆ. ಕೂಗಿದ ರೇಟು ಒಂದು, ರೈತನಿಗೆ ಕೊಡುವ ಪಟ್ಟಿಯಲ್ಲಿ, ಅಂದರೆ ಬಿಲ್ಲಿನಲ್ಲಿ, ಇವನು ಬರೆಯುತ್ತಿದ್ದದ್ದು ಇನ್ನೊಂದು. ಬಾಕ್ಸಿಗೆ ಹತ್ತಿಪ್ಪತ್ತು ರೂಪಾಯಿ ಕಡಿಮೆ. ಎಷ್ಟೋ ರೈತರಿಗೆ ಮೋಸ ಹೋಗಿದ್ದೇ ಗೊತ್ತಿರಲಿಲ್ಲ. ಸಿಕ್ಕಿಬಿದ್ದ, ಕೆಲಸ ಹೋಯಿತು, ಮನೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ. ಸಭೆಯ ಹಿರಿಯರೊಬ್ಬರು ಸಂಜೆ ಸಂಜೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಬುದ್ಧಿ ಹೇಳಲಿಲ್ಲ. ಲೂಕನ ಸುವಾರ್ತೆ 19ನೇ ಅಧ್ಯಾಯ, ಜಕ್ಕಾಯನ ಕಥೆ ಓದಿದರು.

ಜಕ್ಕಾಯನನ್ನು ಮರ ಹತ್ತಿದ ಕುಳ್ಳ ಎಂದಷ್ಟೇ ನೆನಪಿಟ್ಟುಕೊಂಡವರು ಜಾಸ್ತಿ. ಅವನು ಸುಂಕದವರ ಮುಖ್ಯಸ್ಥ, ಲೆಕ್ಕ ಬರೆಯುವವನು. ಯೇಸು ಮನೆಗೆ ಬಂದ ಮೇಲೆ ಅವನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಮೋಶೆಯ ಧರ್ಮಶಾಸ್ತ್ರದಲ್ಲಿ, ಅರಣ್ಯಕಾಂಡ 5ನೇ ಅಧ್ಯಾಯದಲ್ಲಿ, ತಪ್ಪೊಪ್ಪಿಕೊಂಡು ಮೂಲದ ಜೊತೆ ಐದನೆಯ ಒಂದು ಭಾಗ ಸೇರಿಸಿ ಕೊಟ್ಟರೆ ಸಾಕು. ಇವನಿಗೆ ಅಷ್ಟು ಸಾಕೆನಿಸಲಿಲ್ಲ. ಆದರೆ ಮೊದಲು ಏನಾಯಿತು ನೋಡಿ. ದುಡ್ಡು ಕೊಟ್ಟ ಮೇಲೆ ಯೇಸು ಮನೆಗೆ ಬರಲಿಲ್ಲ. ಕಳ್ಳನಿದ್ದಾಗಲೇ ಬಂದರು. ಬಂದಿದ್ದಕ್ಕೇ ಅವನ ಕೈ ಬಿಚ್ಚಿತು.

ತಮ್ಮ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಕೆ ಕೂತ. ರೈತನ ಹೆಸರು, ಊರು, ಬಾಕ್ಸು, ಕೂಗಿದ ರೇಟು, ಪಟ್ಟಿಯ ರೇಟು, ವ್ಯತ್ಯಾಸ. ನೆನಪಿಗೆ ಬಾರದ ಕಡೆ ಜಾಸ್ತಿಯೇ ಹಿಡಿದ. ಆಮೇಲೆ ಆ ಹಿರಿಯರ ಜೊತೆ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಿಗೆ ಹೋಗೋಕೆ ಶುರು ಮಾಡಿದ. ಒಬ್ಬರು ಕಪಾಳಕ್ಕೆ ಹೊಡೆದರು. ಒಬ್ಬರು ದುಡ್ಡು ಎಣಿಸಿಕೊಂಡು ಮಾತಾಡದೆ ಬಾಗಿಲು ಹಾಕಿಕೊಂಡರು. ಒಂದು ಮನೆಯಲ್ಲಿ ಇವನು ಯೇಸು ನನ್ನನ್ನು ಕ್ಷಮಿಸಿದ್ದಾರೆ ಎಂದು ಶುರು ಮಾಡಿದಾಗ ಆ ಅಜ್ಜಿ, ‘ನಿಮ್ಮ ದೇವರು ಕ್ಷಮಿಸಿದ್ರೆ ಒಳ್ಳೇದೇ ಆಯ್ತು, ನಮ್ಮ ಪಟ್ಟಿ ದುಡ್ಡು ಕೊಟ್ಬಿಡಪ್ಪಾ’ ಅಂದರಂತೆ. ಅವತ್ತಿನಿಂದ ಅವನು ದುಡ್ಡನ್ನು ಮುಂದಿಟ್ಟ ಮೇಲೆಯೇ ದೇವರ ಮಾತೆತ್ತುವುದು, ಅದೂ ಅವರಾಗಿ ಕೇಳಿದರೆ. ನೀವೂ ಹಾಗೇ ಮಾಡಿ.

ನಿಮ್ಮ ಹತ್ತಿರ ಅಷ್ಟು ದುಡ್ಡು ಈಗ ಇರಲಿಕ್ಕಿಲ್ಲ. ಪರವಾಗಿಲ್ಲ, ಯಾರಿಗೆ ಎಷ್ಟು ಎಂಬ ಪಟ್ಟಿ ಮೊದಲು ಮಾಡಿ. ಚೀಟಿಯ ದುಡ್ಡನ್ನೇ ನಂಬಿ ಮಗಳ ಮದುವೆ ಇಟ್ಟುಕೊಂಡವರು, ಒಂಟಿ ಹೆಂಗಸರು ಇದ್ದರೆ ಅವರದ್ದು ಮೊದಲು. ನಿಮ್ಮ ಮೇಲೆ ಚೆಕ್ ಬೌನ್ಸ್ ಕೇಸು ಬಿದ್ದಿದ್ದರೆ ಅದು ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ಚಿಕ್ಕಬಳ್ಳಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಪೊಲೀಸ್ ದೂರು ಇದ್ದರೆ ಮೊದಲು ವಕೀಲರನ್ನು ಕಂಡೇ ಊರಿಗೆ ಹೋಗಿ.

ಪಾಸ್ಟರ್ ನಿಮ್ಮನ್ನು ವೇದಿಕೆ ಮೇಲೆ ಸಾಕ್ಷಿ ಹೇಳಿ, ಅಂದರೆ ಯೇಸುವನ್ನು ನಂಬಿ ಬದುಕು ಹೇಗೆ ಬದಲಾಯಿತು ಅಂತ ಹೇಳಿ, ಎಂದು ಕರೆಯುತ್ತಿದ್ದಾರೆ ಅಂದಿರಿ. ಈಗಲೇ ಬೇಡ, ದಯವಿಟ್ಟು. ಚಪ್ಪಾಳೆ ಹೊಡೆಯುವವರಲ್ಲಿ ನಿಮ್ಮಿಂದ ದುಡ್ಡು ಕಳೆದುಕೊಂಡವರು ಒಬ್ಬರೂ ಇಲ್ಲ. ಕಾಣಿಕೆ ವಿಷಯವೂ ಅಷ್ಟೇ. ಮತ್ತಾಯ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ಹೇಳಿದ್ದಾರೆ: ಕಾಣಿಕೆ ತಂದಿರುವಾಗ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆ ಎಂದು ನೆನಪಾದರೆ ಅದನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಅವನೊಂದಿಗೆ ಸಮಾಧಾನವಾಗಬೇಕು. ಇಷ್ಟು ಕಾಣಿಕೆ ಕೊಟ್ಟರೆ ಸಾಲವೆಲ್ಲ ತೀರುತ್ತದೆ ಎಂದು ಯಾರಾದರೂ ಹೇಳಿದರೆ ಆ ಜಾಗ ಬಿಟ್ಟು ಬನ್ನಿ.

ಇನ್ನು ನಿಮ್ಮ ಹೆಂಡತಿ. ಅವರು ನಂಬದೇ ಇರೋದರಲ್ಲಿ ತಪ್ಪೇನಿದೆ? ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಶಿಷ್ಯ ಪೇತ್ರ ಕೆಂಡದ ಮುಂದೆ ಚಳಿ ಕಾಯಿಸುತ್ತಾ ಆತನನ್ನು ಅರಿಯೆ ಎಂದು ಮೂರು ಸಲ ಹೇಳಿದ್ದ. ಯೇಸು ಸತ್ತು ಎದ್ದ ಮೇಲೆ ಸಮುದ್ರದ ದಡದಲ್ಲಿ ಮತ್ತೆ ಕೆಂಡ ಹಾಕಿ, ಮೀನು ಸುಟ್ಟು, ಊಟವಾದ ಮೇಲೆ ಅವನನ್ನು ಮೂರು ಸಲ ಕೇಳಿದರು: ನನ್ನನ್ನು ಪ್ರೀತಿಸುತ್ತೀಯಾ? ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯಿತು ಎಂದು ಯೋಹಾನ ಬರೆಯುತ್ತಾನೆ. ಕ್ಷಮಿಸಿದ ದೇವರೇ ಮೂರು ಸಲ ಕೇಳಿದ ಮೇಲೆ ನಿಮ್ಮ ಹೆಂಡತಿ ಮೂವತ್ತು ಸಲ ಕೇಳಲಿ. ಪ್ರತಿಸಲವೂ ನಿಜ ಹೇಳಿ. ಸಂಬಳ, ಫೋನ್, ಬ್ಯಾಂಕ್ ಪಾಸ್‌ಬುಕ್ ಅವರ ಕೈಗೆ ಕೊಡಿ. ಪ್ರಾರ್ಥನೆಗೆ ಬಾ ಅಂತ ಅವರನ್ನು ಒತ್ತಾಯ ಮಾಡಬೇಡಿ. ಅವರು ಪೂಜಿಸುವ ದೇವರ ಬಗ್ಗೆ ಒಂದು ಹಗುರವಾದ ಮಾತೂ ನಿಮ್ಮ ಬಾಯಲ್ಲಿ ಬರದಿರಲಿ. ಹೆಸರು ಬದಲಾಯಿಸಬೇಕಾ ಅಂತಲೂ ಕೇಳಿದ್ದೀರಿ. ಬೇಕಿಲ್ಲ. ದುಡ್ಡು ಕಳೆದುಕೊಂಡವರು ನಿಮ್ಮನ್ನು ಹುಡುಕುತ್ತಿರುವುದು ಹಳೇ ಹೆಸರಿನಲ್ಲೇ, ಅದೇ ಹೆಸರಿನಲ್ಲಿ ಅವರ ಮುಂದೆ ನಿಲ್ಲಿ.

‘ಒಮ್ಮೊಮ್ಮೆ ಬದುಕೇ ಬೇಡ ಅನ್ನಿಸುತ್ತದೆ’ ಎಂದು ನಡುವೆ ಒಂದು ಸಾಲು ಬರೆದಿದ್ದೀರಿ. ಅದನ್ನು ಓದಿ ನನ್ನ ಕೈ ನಡುಗಿತು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಅದಕ್ಕೆ ಪಡೆದ 30 ಬೆಳ್ಳಿ ನಾಣ್ಯ ವಾಪಸ್ ಕೊಟ್ಟಿದ್ದ, ತಪ್ಪು ಮಾಡಿದೆ ಅಂದಿದ್ದ. ಅವನು ಹೋದದ್ದು ಯಾಜಕರ ಹತ್ತಿರ, ಅವರು ಅದು ನಮಗೇನು ಅಂದರು. ಅಲ್ಲಿಂದ ಒಬ್ಬನೇ ಹೊರಟುಹೋದ. ಪೇತ್ರನೂ ಬಿಕ್ಕಿಬಿಕ್ಕಿ ಅತ್ತ, ಆದರೆ ಉಳಿದವರ ಜೊತೆಯಲ್ಲೇ ಇದ್ದ. ನೀವು ಒಬ್ಬರೇ ಇರಬೇಡಿ. ಆ ಯೋಚನೆ ಮತ್ತೆ ಬಂದರೆ, ರಾತ್ರಿ ಎಷ್ಟು ಹೊತ್ತಾದರೂ ಸರಿ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಬೆಟ್ಟಿಂಗ್ ಚಟದ ಬಗ್ಗೆಯೂ ಅವರನ್ನೇ ಕೇಳಬಹುದು.

ಇವತ್ತು ರಾತ್ರಿ ಬೈಬಲಿನಲ್ಲಿ ಫಿಲೆಮೋನನಿಗೆ ಅಪೊಸ್ತಲ ಪೌಲ ಬರೆದ ಪತ್ರ ಓದಿ. ಒಂದೇ ಅಧ್ಯಾಯ, 25 ವಚನ. ಯಜಮಾನ ಫಿಲೆಮೋನನನ್ನು ಬಿಟ್ಟು ಬಂದಿದ್ದ ದಾಸ ಒನೇಸಿಮ ಸೆರೆಯಲ್ಲಿದ್ದ ಪೌಲನ ಹತ್ತಿರ ಬಂದು ಯೇಸುವನ್ನು ನಂಬಿದ. ಪೌಲ ಅವನನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಬಹುದಿತ್ತು, ಇಷ್ಟವೂ ಇತ್ತು. ಆದರೂ ವಾಪಸ್ ಕಳಿಸಿದ, ಬರಿಗೈಯಲ್ಲಿ ಕಳಿಸಲಿಲ್ಲ. ಅವನಿಂದ ನಿನಗೇನಾದರೂ ನಷ್ಟವಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು ಎಂದು ಬರೆದುಕೊಟ್ಟ.

ನಿಮ್ಮ ಪಾಸ್ಟರನ್ನೋ ಸಭೆಯ ಹಿರಿಯರನ್ನೋ ಚಿಂತಾಮಣಿಗೆ ನಿಮ್ಮ ಜೊತೆ ಬರಲು ಕೇಳಿ. ಅವರು ಬರದಿದ್ದರೆ ಇಲ್ಲಿ ನನಗೆ ಒಂದು ಮೆಸೇಜ್ ಹಾಕಿ. ಇದನ್ನೆಲ್ಲ ಬರೆಯುವ ಮುಂಚೆ ತಮ್ಮನನ್ನು ಕೇಳಿದೆ. ಮಂಡಿ ರಜೆಯಿರುವ ದಿನ ಯಾವುದಾದರೂ ಹೇಳಿದರೆ ಬರುತ್ತೇನೆ ಅಂದಿದ್ದಾನೆ. ಈಗ ಅವನು ಅಲ್ಲೇ ಬಾಕ್ಸ್ ಲೋಡ್ ಮಾಡುತ್ತಾನೆ.